ಒಂಬತ್ತನೆಯ ಶುಕ್ರವಾರದ ಓಟ

ಬಿಸಿಲಿಗೆ ಬಿದ್ದವರಿಗೆ ಜ್ವರ ಬೇಗ ಇಳಿಯುತ್ತದೆ, ನಾಚಿಕೆ ಇಳಿಯಲು ಹೆಚ್ಚು ದಿನ ಬೇಕು. ನನ್ನ ಮರಿಮೊಮ್ಮಗಳು ರಿಯಾ ಹೋದ ಭಾನುವಾರ ಮಂಗಳೂರಿನ ಮ್ಯಾರಥಾನಿನಲ್ಲಿ ಓಡಲು ಹೋದಳು. ಅಂದು ಯಾರೂ ಎಣಿಸದಷ್ಟು ಸೆಕೆ. ಓಟ ಮುಗಿಯುವ ಗೆರೆ ಕಣ್ಣಿಗೆ ಕಾಣುವಲ್ಲಿ ಬಿದ್ದಳು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದಳು. ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಯಾರು ಮಾತಾಡಿಸಿದರೂ ಹೂಂ ಅಷ್ಟೇ. ಅವಳ ಜತೆ ಬಿದ್ದವರು ಬೇರೆಯವರೂ ಇದ್ದಾರಂತೆ. ಅವರೂ ಒಂದೊಂದು ಗೋಡೆ ನೋಡುತ್ತಿರಬೇಕು.

ಹಾಗಾಗಿ ಅವಳ ಓಟದ ಗುಂಪಿಗೆ ನಾನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತಲು ಕಲಿಸಿದ್ದು ರಿಯಾಳೇ, ಈಗ ಅನುಭವಿಸಲಿ. ಒಂದು ಬೆರಳು ಕೆಲಸ ಮಾಡುತ್ತದೆ, ಉಳಿದ ಒಂಬತ್ತು ಸುಮ್ಮನೆ ಕೂತು ನೋಡುತ್ತವೆ. ಮನೆಯಲ್ಲಿ ನಮ್ಮದು ಕೊಂಕಣಿ. ಗುಂಪಿನಲ್ಲಿ ತುಳುವಿನವರು, ಬ್ಯಾರಿಗಳು, ಘಟ್ಟದ ಮೇಲಿನವರು ಎಲ್ಲ ಇದ್ದಾರಂತೆ, ಅದಕ್ಕೆ ಕನ್ನಡ. ನಾನು ತೊಂಬತ್ತು ದಾಟಿದವಳು, ಹೆಸರು ಲಿಲ್ಲಿ. ನಿಮಗಿಂತ ಬಹಳ ಮೊದಲು ಇದೇ ಊರಿನ ರಸ್ತೆಯಲ್ಲಿ ಓಡಿ ಬಿದ್ದವಳು. ನಿಮಗಿಂತ ಚೆನ್ನಾಗಿಯೇ ಬಿದ್ದೆ ಎಂದು ಸ್ವಲ್ಪ ಜಂಬವೂ ಉಂಟು.

ದೊಡ್ಡ ಯುದ್ಧ ಮುಗಿದ ಮರುವರ್ಷದ ಮಾತು. ಊರಿನ ದೊಡ್ಡ ಮನುಷ್ಯರು ಸೇರಿ ಒಂದು ಓಟ ಇಟ್ಟರು. ಮೈದಾನದಿಂದ ಹೊರಟು ಬಂದರಿಗೆ ಇಳಿದು, ಕುದ್ರೋಳಿ, ಮಣ್ಣಗುಡ್ಡೆ ಸುತ್ತಿ, ಲೈಟ್‌ಹೌಸ್ ಗುಡ್ಡ ಏರಿ ಪುನಃ ಮೈದಾನಕ್ಕೆ. ಗೋಡೆಗೆ ಹಚ್ಚಿದ ಕಾಗದದಲ್ಲಿ ಅದನ್ನು ಮ್ಯಾರಥಾನ್ ಎಂದೇ ಬರೆದಿದ್ದರು. ಅದು ನಿಜವಾದ ಮ್ಯಾರಥಾನಿನ ಕಾಲು ಭಾಗವೂ ಅಲ್ಲ ಎಂದು ರಿಯಾ ನಗುತ್ತಾಳೆ. ಉದ್ದ ಲಂಗ, ಕಾಲುಚೀಲ, ಕ್ಯಾನ್‌ವಾಸ್ ಬೂಟು ಹಾಕಿ ಅವಳೊಮ್ಮೆ ಓಡಿ ನೋಡಲಿ, ಆಮೇಲೆ ಭಾಗದ ಲೆಕ್ಕ ಹೇಳಲಿ.

ಹೌದು, ಲಂಗ. ನಮ್ಮ ಕಾನ್ವೆಂಟಿನ ಡ್ರಿಲ್ ಟೀಚರನ್ನು ನಾವು ಡ್ರಿಲ್ ಬಾಯಿ ಎನ್ನುತ್ತಿದ್ದೆವು. ಹುಡುಗಿಯರೂ ಓಡಬೇಕೆಂದು ಅವರು ಹಟ ಹಿಡಿದರು. ಊರಿನ ದೊಡ್ಡವರು ಒಪ್ಪಿದ್ದು ಎರಡು ಷರತ್ತಿನ ಮೇಲೆ. ಲಂಗ ಪಾದದ ಗಂಟಿನವರೆಗೆ ಇರಬೇಕು, ಹಿಂದಿನಿಂದ ಒಬ್ಬ ಹಿರಿಯ ಹೆಂಗಸು ಬರಬೇಕು. ಆ ಹಿರಿಯ ಹೆಂಗಸಾಗಿ ಮುಂದೆ ಬಂದವಳು ನನ್ನ ತಾಯಿಯ ಅಕ್ಕ, ನಮ್ಮ ಮಾವ್ಶಿ. ಬಾಡಿಗೆ ಜಟಕಾದಲ್ಲಿ ಕೊಡೆ ಬಿಡಿಸಿ, ಜಪಸರ ಹಿಡಿದು ಕೂತಳು. ನಾವು ಏಳೆಂಟು ಹುಡುಗಿಯರು ಓಡುವುದು, ಹಿಂದೆ ಜಟಕಾ, ಜಟಕಾದಲ್ಲಿ ಪ್ರಾರ್ಥನೆ. ಬಂದರಿನ ಜನ ಇದನ್ನು ಯಾವುದೋ ಮೆರವಣಿಗೆ ಎಂದು ತಿಳಿದು ದಾರಿ ಬಿಟ್ಟರು.

ಈಗ ಒಂದು ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ನಾನು ಬರೀ ಪೆದ್ದಿ ಎಂದು ನಿಮಗೆ ತೋರೀತು.

ಆ ಕಾಲದಲ್ಲಿ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆಯ ಹೊತ್ತಿಗೆ ಪಾದ್ರಿಗಳು ಕೊಡುವ ಪರಮಪ್ರಸಾದ ತೆಗೆದುಕೊಳ್ಳಬೇಕಾದರೆ ನಡುರಾತ್ರಿಯಿಂದ ಉಪವಾಸ. ಊಟ ಮಾತ್ರ ಅಲ್ಲ, ನೀರೂ ಇಲ್ಲ. ಒಂದು ಹನಿ ಒಳಗೆ ಹೋದರೂ ಆ ದಿನದ ಪ್ರಸಾದ ಇಲ್ಲ. ಮಳೆಗಾಲದಲ್ಲಿ ಬೆಳಗಿನ ಪೂಜೆಗೆ ಹೋಗುವಾಗ ಮಳೆಹನಿ ಬಾಯಿಗೆ ಬಿದ್ದೀತೆಂದು ತುಟಿ ಬಿಗಿದು ನಡೆಯುತ್ತಿದ್ದೆವು. ಇನ್ನೊಂದು ಪದ್ಧತಿ ಉಂಟು. ತಿಂಗಳ ಮೊದಲ ಶುಕ್ರವಾರ ಪ್ರಸಾದ ತೆಗೆದುಕೊಳ್ಳುವುದು, ಹೀಗೆ ಸಾಲಾಗಿ ಒಂಬತ್ತು ತಿಂಗಳು. ನಡುವೆ ಒಂದು ತಪ್ಪಿದರೆ ಪುನಃ ಒಂದರಿಂದ ಶುರು. ಏನಾದರೂ ದೊಡ್ಡದು ಬೇಡಿಕೊಳ್ಳಲಿಕ್ಕೆ ಇರುವವರು ಹಾಗೆ ಮಾಡುತ್ತಿದ್ದರು.

ನನಗೆ ಬೇಡಿಕೊಳ್ಳಲಿಕ್ಕೆ ಇತ್ತು. ನನ್ನ ಪಪ್ಪಾ ಬೊಂಬಾಯಿಯಿಂದ ಹೊರಡುವ ಸಾಮಾನಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಯುದ್ಧ ಮುಗಿದು ಬೇರೆಯವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದರು, ಪಪ್ಪಾ ಬರಲಿಲ್ಲ. ಸುದ್ದಿಯೂ ಇಲ್ಲ. ನನ್ನ ತಾಯಿಯನ್ನು ನಾವು ಮಾಯ್ ಎನ್ನುತ್ತಿದ್ದೆವು. ಅವಳು ಈ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಮೀನಿನವಳು ಬಂದಾಗ ತಲೆಯ ತುಂಡು ಈಗಲೂ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಮೀನಿನ ತಲೆ ತಿನ್ನುವವರು ಪಪ್ಪಾ ಒಬ್ಬರೇ. ಸಾರು ಮಾಡಿ ಎತ್ತಿಡುವಳು, ರಾತ್ರಿಯ ಊಟ ಆದ ಮೇಲೆ ಬೆಕ್ಕಿಗೆ ಹಾಕುವಳು. ಆ ಬೆಕ್ಕು ಕೊಬ್ಬುತ್ತಾ ಹೋಯಿತು. ಏಪ್ರಿಲ್‌ನಲ್ಲಿ ಯಾರಿಗೂ ಹೇಳದೆ ಮೊದಲ ಶುಕ್ರವಾರ ಶುರು ಮಾಡಿದೆ. ಡಿಸೆಂಬರಿಗೆ ಒಂಬತ್ತನೆಯದು. ಓಟ ಬಿದ್ದದ್ದೂ ಅದೇ ದಿನ, ಏನೋ ಸರಕಾರಿ ರಜೆ ಇತ್ತು.

ಎಲ್ಲ ಸರಿಯಾಗಿಯೇ ಹೊಂದಿಸಿದ್ದರು. ಬೆಳಕು ಹರಿಯುವಾಗ ಓಟ, ಮುಗಿಸಿ ಬಂದ ಹುಡುಗಿಯರಿಗೆಂದೇ ಕಾನ್ವೆಂಟಿನಲ್ಲಿ ಪೂಜೆ, ಪ್ರಸಾದ, ಆಮೇಲೆ ಕಾಫಿ, ಬಿಸ್ಕುಟು. ಆದರೆ ಓಟಕ್ಕೆ ಸೀಟಿ ಊದಬೇಕಾದ ಮುಖ್ಯ ಅತಿಥಿ ಬರಲಿಲ್ಲ. ಅವರು ಎದ್ದು, ಮಿಂದು, ತಿಂದು, ಕಾರಿನಲ್ಲಿ ಇಳಿದು, ಭಾಷಣ ಮುಗಿಸುವಾಗ ಸೂರ್ಯ ತಲೆಯ ಮೇಲೆ ಬರಲು ಹೊರಟಿದ್ದ. ಡಿಸೆಂಬರಿನ ಬೆಳಿಗ್ಗೆ ನಮ್ಮಲ್ಲಿ ಸ್ವಲ್ಪ ಮಂಜು ಇರುತ್ತದೆ, ಗಾಳಿ ತಂಪು ಇರುತ್ತದೆ. ಅಂದು ಎರಡೂ ಇಲ್ಲ. ಮೇ ತಿಂಗಳು ದಾರಿ ತಪ್ಪಿ ಬಂದ ಹಾಗಿತ್ತು. ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ.

ಬಂದರಿನವರೆಗೆ ಇಳಿಜಾರು, ಹಾರಿಕೊಂಡು ಹೋದೆ. ಅಲ್ಲಿಂದ ಮುಂದೆ ಬೆವರು ಸುರಿದು ತುಟಿಗೆ ಇಳಿಯಿತು. ಬೆವರು ನುಂಗಿದರೆ ಉಪವಾಸ ಮುರಿಯುತ್ತದೋ ಇಲ್ಲವೋ ಎಂದು ನನಗೆ ಸಂಶಯ. ಓಡುತ್ತಲೇ ಜಟಕಾದ ಕಡೆ ತಿರುಗಿ ಮಾವ್ಶಿಯನ್ನು ಕೇಳಿದೆ. ಅವಳು ಜಪ ನಿಲ್ಲಿಸಿ ತುಂಬಾ ಯೋಚಿಸಿದಳು. ನಿನ್ನದೇ ಬೆವರಾದರೆ ಅಡ್ಡಿಯಿಲ್ಲ, ಆದರೂ ಉಗುಳುವುದು ಒಳ್ಳೆಯದು ಎಂದಳು. ಕುದ್ರೋಳಿಯವರೆಗೆ ನಾನು ಉಗುಳುತ್ತಾ ಓಡಿದೆ.

ಕುದ್ರೋಳಿಯಲ್ಲಿ ನಮ್ಮ ಮನೆ. ಪಕ್ಕದ ಮನೆಯ ಕಲ್ಯಾಣಿ ಅಕ್ಕ ತುಳುವಿನವರು, ಬೊಂಡ ವ್ಯಾಪಾರ ಮಾಡುವವರು. ಬೊಂಡ ಎಂದರೆ ಎಳನೀರು. ನನ್ನ ಮುಖ ನೋಡಿ ಒಂದನ್ನು ಕೆತ್ತಿ ಹಿಡಿದು ರಸ್ತೆಯ ನಡುವಿಗೇ ಬಂದರು. ಆ ಬೊಂಡದ ಬಾಯಲ್ಲಿ ನೀರು ತುಳುಕಿ ಅವರ ಕೈ ಮೇಲೆ ಇಳಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗುಂಟು. ನಾನು ಬೇಡ ಎಂದು ಕೈ ಆಡಿಸಿ ಮುಂದೆ ಹೋದೆ. ಹಿಂದಿನಿಂದ ಅವರು ಬೈದದ್ದು ಕೇಳಿತು.

"ದೊಡ್ಡ ಜನ ಆಗಿದ್ದಾಳೆ ಇವಳು. ನಮ್ಮ ಬೊಂಡ ಇಳಿಯುವುದಿಲ್ಲ ಈಗ."

ಮಣ್ಣಗುಡ್ಡೆ ದಾಟುವಾಗ ಬೆವರು ನಿಂತಿತು. ಒಳ್ಳೆಯದೇ ಆಯಿತು, ಉಗುಳುವ ಕೆಲಸ ತಪ್ಪಿತು ಎಂದುಕೊಂಡೆ. ಮಕ್ಕಳೇ, ಹಾಗೆ ಬೆವರು ನಿಂತರೆ ನೀವೂ ನಿಲ್ಲಿ, ಇದೊಂದೇ ನನ್ನ ಬುದ್ಧಿಮಾತು. ಆಮೇಲೆ ಚಳಿ ಶುರುವಾಯಿತು. ಅಷ್ಟು ಬಿಸಿಲಿನಲ್ಲಿ ಕೈಯ ರೋಮ ಎದ್ದು ನಿಂತಿತು. ಗುಡ್ಡದ ಏರಿನಲ್ಲಿ ರಸ್ತೆ ನೀರಿನ ಹಾಗೆ ಅಲುಗಾಡಿತು. ನೇತ್ರಾವತಿ ಇಲ್ಲಿಗೆ ಹೇಗೆ ಬಂತು, ಈಗ ದೋಣಿ ಬೇಕಲ್ಲ ಎಂದು ಅಲ್ಲಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದ ಡ್ರಿಲ್ ಬಾಯಿಯ ಹತ್ತಿರ ಜೋರಾಗಿ ಹೇಳಿದೆನಂತೆ. ಹೇಳಿದ್ದು ನನಗೆ ನೆನಪಿಲ್ಲ. ಆಮೇಲೆ ಬಿದ್ದದ್ದೂ ನೆನಪಿಲ್ಲ. ಮಾವ್ಶಿಯ ಜಟಕಾ ಹೇಗೂ ಹಿಂದೆಯೇ ಇತ್ತು, ನನ್ನನ್ನು ಅದರಲ್ಲೇ ಹಾಕಿ ಆಸ್ಪತ್ರೆಗೆ ಓಡಿಸಿದರು. ಕುದುರೆ ನನಗಿಂತ ಚೆನ್ನಾಗಿ ಓಡಿತು.

ಎಚ್ಚರವಾದಾಗ ಮೊದಲು ಬಂದದ್ದು ಮರದ ಹೊಟ್ಟಿನ ವಾಸನೆ. ಸೋಡಾ ಕಾರ್ಖಾನೆಯಿಂದ ಹೊಟ್ಟು ತುಂಬಿದ ಗೋಣಿಯಲ್ಲಿ ಐಸು ತರಿಸಿ, ಬಟ್ಟೆಯಲ್ಲಿ ಕಟ್ಟಿ ನನ್ನ ಕಂಕುಳಿಗೆ, ಕುತ್ತಿಗೆಗೆ ಇಟ್ಟಿದ್ದರು. ಐಸನ್ನು ನಾನು ಅದುವರೆಗೆ ಮುಟ್ಟಿಯೇ ಇರಲಿಲ್ಲ. ತಲೆ ಒಡೆಯುತ್ತಿತ್ತು, ಕೋಣೆ ತಿರುಗುತ್ತಿತ್ತು, ಆದರೂ ಆ ಐಸಿನ ಸುಖ ಎಂಥದೆಂದು ಹೇಳಲಿಕ್ಕೆ ನನ್ನ ಬೆರಳಿಗೆ ಬರುವುದಿಲ್ಲ. ಕಾಯಿಲೆಯಲ್ಲಿ ಇಂಥ ಒಂದೊಂದು ಸಿಗುತ್ತದೆ. ಸಿಕ್ಕಿದಾಗ ಹಿಡಿದುಕೊಳ್ಳಬೇಕು.

ಆಮೇಲೆ ತುಟಿಗೆ ಚಮಚ ತಾಗಿತು. ನೀರು. ನಾನು ಹಲ್ಲು ಕಚ್ಚಿ ಹಿಡಿದೆ.

ಡಾಕ್ಟ್ರು ತುಳುವಿನವರು, ದಪ್ಪ ಮೀಸೆಯ ಮನುಷ್ಯ. ಸೂಜಿ ಹಾಕಲು ಮೊದಲೇ ನೋಡಿದ್ದರಂತೆ, ಕೈಯಲ್ಲಿ ನರ ಸಿಕ್ಕಿರಲಿಲ್ಲ. ಬಾಯಿಂದಲೇ ನೀರು ಇಳಿಸಬೇಕಿತ್ತು, ನನ್ನ ಬಾಯಿ ಬೀಗ ಹಾಕಿದ ಹಾಗಿತ್ತು.

"ಎಂತ ಇವಳಿಗೆ? ದವಡೆ ಕಚ್ಚಿಕೊಂಡಿದೆಯಾ?" ಎಂದರು ಡಾಕ್ಟ್ರು.

ಪಕ್ಕದಲ್ಲಿದ್ದ ನರ್ಸ್ ಸಿಸ್ಟರಿಗೆ ನಮ್ಮ ಕಾನ್ವೆಂಟಿನ ವಿಷಯವೆಲ್ಲ ಗೊತ್ತು, ಎಚ್ಚರ ಇಲ್ಲದಾಗ ಶುಕ್ರವಾರದ ಲೆಕ್ಕವನ್ನು ನಾನೂ ಬಡಬಡಿಸಿದ್ದೆನಂತೆ. "ದವಡೆ ಸರಿ ಉಂಟು ಡಾಕ್ಟ್ರೇ. ಇವತ್ತು ಇವಳದ್ದು ಒಂಬತ್ತನೆಯ ಶುಕ್ರವಾರ. ನೀರು ಕುಡಿದರೆ ಪ್ರಸಾದ ಇಲ್ಲ. ಪುನಃ ಒಂದರಿಂದ ಶುರು."

"ಯಾರಿಗೂ ರಿಯಾಯಿತಿ ಇಲ್ಲವಾ ನಿಮ್ಮಲ್ಲಿ?"

"ಉಂಟು. ಸಾಯುವವರಿಗೆ."

ನಾನು ಕಣ್ಣು ಬಿಟ್ಟೆ.

"ಡಾಕ್ಟ್ರೇ, ನಾನು ಸಾಯ್ತೇನಾ?"

"ಛೆ, ಯಾರು ಹೇಳಿದ್ದು ಮಗಾ? ಸಾಯುವುದಿಲ್ಲ ನೀನು."

"ಸ್ವಲ್ಪವಾದರೂ?"

ಸಿಸ್ಟರ್ ಆಚೆ ತಿರುಗಿದರು. ಡಾಕ್ಟ್ರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಮೂಲೆಯ ಬೇಸಿನಿಗೆ ಹೋಗಿ ಕೈ ತೊಳೆದರು. ತುಂಬಾ ಹೊತ್ತು ತೊಳೆದರು. ಒರೆಸಿಕೊಂಡು ಬಂದು ನನ್ನ ಮಂಚದ ಬದಿಯಲ್ಲಿ ಕೂತು, ನಾಡಿ ಹಿಡಿದು, ದೊಡ್ಡವರ ಹತ್ತಿರ ಮಾತಾಡುವ ಸ್ವರದಲ್ಲಿ ಹೇಳಿದರು.

"ಸರಿಯಾಗಿ ನೋಡಿದೆ. ಸಾಯುವ ಅಪಾಯ ಉಂಟು."

"ಪಾದ್ರಿಗಳ ಹತ್ತಿರವೂ ಹಾಗೇ ಹೇಳ್ತೀರಾ?"

"ಹೇಳ್ತೇನೆ."

"ಆಣೆಗೂ?"

"ಹೇಳ್ತೇನೆ ಮಾರಾಯ್ತಿ. ಈಗ ಬಾಯಿ ತೆಗೆ."

ತೆಗೆದೆ. ಆ ಮೊದಲ ಚಮಚ ನೀರು ಗಂಟಲಿನಲ್ಲಿ ಇಳಿದ ದಾರಿ ಪೂರ್ತಿ ನನಗೆ ಗೊತ್ತಾಯಿತು. ನನ್ನಷ್ಟು ಸಂತೋಷದಿಂದ ಸಾವಿನ ಸುದ್ದಿ ಕೇಳಿದವರು ಆ ಆಸ್ಪತ್ರೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಆದರೆ ಹೊರಗಿನವರನ್ನು ನಾವು ಮೂವರೂ ಮರೆತಿದ್ದೆವು. ವರಾಂಡದ ಬೆಂಚಿನಲ್ಲಿ ಮೈದಾನದಿಂದ ಓಡಿ ಬಂದ ಮಾಯ್, ಮಾವ್ಶಿ, ಡ್ರಿಲ್ ಬಾಯಿ ಸಾಲಾಗಿ ಕೂತಿದ್ದರು. ಸಿಸ್ಟರ್ ಅವರ ಎದುರಿನಿಂದ ಹಾದು, ಪಾದ್ರಿಗಳನ್ನು ಬೇಗ ಕರೆಸಿ, ಸಾಯುವವರ ಎಣ್ಣೆಯೂ ಬೇಕು ಎಂದು ಆಳಿಗೆ ಹೇಳಿದ್ದು ಅವರಿಗೆ ಕೇಳಿತು. ಮಾವ್ಶಿ ಎದೆ ಬಡಿದುಕೊಂಡಳು. ಡ್ರಿಲ್ ಬಾಯಿ ಇನ್ನು ಯಾವ ಹುಡುಗಿಯನ್ನೂ ಓಡಿಸುವುದಿಲ್ಲ ಎಂದು ಗೋಡೆಯ ಮೇಲಿನ ಶಿಲುಬೆಗೆ ಹರಕೆ ಹೇಳಿಕೊಂಡರು. ಮುಂದಿನ ವರ್ಷವೇ ಪುನಃ ಓಡಿಸಿದರು, ಆ ಮಾತು ಬೇರೆ. ಮಾಯ್ ಮಾತ್ರ ಅಳಲಿಲ್ಲ. ಎದ್ದು ಕೋಣೆಯ ಬಾಗಿಲಿಗೆ ಬಂದು ನಿಂತು ನೋಡಿದಳು. ಸಾಯಬೇಕಾದವಳು ಡಾಕ್ಟ್ರ ಕೈಯಿಂದ ಚೆಂಬು ಕಿತ್ತುಕೊಂಡು ಕುಡಿಯುತ್ತಿದ್ದಳು. ಮಾಯ್ ಬಂದು ನನ್ನ ಕಾಲ ಬಳಿ ಕೂತಳು. ನನ್ನ ಪಾದದ ಮೇಲೆ ಕೈ ಇಟ್ಟಳು. ಆ ಕೈ ಐಸಿಗಿಂತ ತಣ್ಣಗಿತ್ತು.

ಪಾದ್ರಿಗಳು ಬಂದರು. ಮುಂದೆ ಗಂಟೆ, ದೀಪ. ವರಾಂಡದ ಜನರೆಲ್ಲ ಮೊಣಕಾಲೂರಿದರು. ಒಳಗೆ ಬರುವಾಗ ನನ್ನನ್ನೂ ಚೆಂಬನ್ನೂ ನೋಡಿ ಅವರು ಬಾಗಿಲಲ್ಲೇ ನಿಂತರು.

"ಇವಳಾ ಸಾಯುವವಳು?"

ಡಾಕ್ಟ್ರು ಮೀಸೆ ಸರಿಮಾಡಿಕೊಂಡರು. "ಫಾದರ್, ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ. ನನ್ನ ಶಾಸ್ತ್ರದ ಪ್ರಕಾರ ಅಪಾಯ ಉಂಟು. ಸಂಜೆಯ ಮಾತು ನಾನು ಹೇಳುವುದಿಲ್ಲ."

ಪಾದ್ರಿಗಳು ಮಂಚದ ಹತ್ತಿರ ಬಂದರು. ಪಾಪನಿವೇದನೆ ಕೇಳಿದರು, ಪ್ರಸಾದ ಕೊಟ್ಟರು. ಒಂಬತ್ತನೆಯದು. ನನ್ನ ಕೆಲಸ ಆಯಿತೆಂದು ನಾನು ಮಲಗಲು ಹೊರಟರೆ ಅವರು ಬಿಡಲಿಲ್ಲ. ಸಾಯುವವರಿಗೆ ಇರುವ ಎಲ್ಲವನ್ನೂ ಮಾಡಬೇಕಲ್ಲ. ಕಣ್ಣಿಗೆ, ಕಿವಿಗೆ, ಮೂಗಿಗೆ, ತುಟಿಗೆ, ಅಂಗೈಗೆ ಎಣ್ಣೆ ಹಚ್ಚಿದರು. ಕೊನೆಗೆ ಪಾದಕ್ಕೆ. ನನಗೆ ಹುಟ್ಟಿದಂದಿನಿಂದ ಪಾದದಲ್ಲಿ ಕಚಗುಳಿ. ಎಷ್ಟು ತಡೆದರೂ ಆಗಲಿಲ್ಲ, ನಕ್ಕುಬಿಟ್ಟೆ.

ಬಾಗಿಲ ಹೊರಗೆ ಮೊಣಕಾಲೂರಿದ್ದ ಮಾವ್ಶಿಗೆ ನಗು ಕೇಳಿತು. "ಸ್ವರ್ಗ ಕಂಡಿತು ಅವಳಿಗೆ" ಎಂದಳು. ಅಷ್ಟು ಹೇಳಿ ಡ್ರಿಲ್ ಬಾಯಿಯ ಮಡಿಲಿಗೆ ಒರಗಿದಳು. ಪಾಪ, ಅವಳದ್ದೂ ನಡುರಾತ್ರಿಯಿಂದ ಉಪವಾಸ. ಅವಳಿಗೂ ಒಂದು ಮಂಚ ಕೊಟ್ಟರು.

ಸುದ್ದಿ ಕುದ್ರೋಳಿ ತಲುಪುವಾಗ ನಾನು ಸತ್ತಾಗಿತ್ತು. ಮಧ್ಯಾಹ್ನ ಕಲ್ಯಾಣಿ ಅಕ್ಕ ಅಳುತ್ತಾ ಬಂದರು, ಕೈಯಲ್ಲಿ ಒಂದು ಕೆತ್ತಿದ ಬೊಂಡ. ಸತ್ತವಳಿಗೆ ಬೊಂಡ ಎಂತಕ್ಕೆ ತಂದಿರಿ ಎಂದು ಸಿಸ್ಟರ್ ಕೇಳಿದರು. ಬೆಳಿಗ್ಗೆ ಬೈದಿದ್ದೆ, ಅದೇ ಸಂಕಟ, ತಲೆಯ ಹತ್ತಿರ ಇಟ್ಟು ಹೋಗ್ತೇನೆ ಎಂದರಂತೆ. ನಾನು ಎದ್ದು ಕೂತು ಅದನ್ನು ಪೂರ್ತಿ ಕುಡಿದೆ. ಕಲ್ಯಾಣಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಮ್ಮೆ ಸಾಯುವಾಗ ಮೊದಲೇ ಹೇಳು, ಹತ್ತು ತರ್ತೇನೆ ಎಂದರು.

ಇದನ್ನೆಲ್ಲ ಓದಿ ನಾನು ಅಂದೇ ಮನೆಗೆ ಕುಣಿದುಕೊಂಡು ಹೋದೆ ಎಂದು ತಿಳಿಯಬೇಡಿ. ಜ್ವರ ಏರಿತು, ಇಳಿಯಿತು, ಪುನಃ ಏರಿತು. ಮೂತ್ರ ಚಹಾದ ಕಷಾಯದ ಬಣ್ಣಕ್ಕೆ ಬಂತು. ಕಾಲಿನ ಮಾಂಸ ಮುಟ್ಟಿದರೆ ಕೂಗುವ ಹಾಗೆ ನೋವು. ಮನೆಗೆ ಬಂದ ಮೇಲೂ ಬಿಸಿಲು ಕಂಡರೆ ವಾಂತಿ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ತಣ್ಣನೆಯ ನೆಲದಲ್ಲಿ ಮಲಗಿಸುತ್ತಿದ್ದರು. ಕೂದಲು ಬಾಚಣಿಗೆಗೆ ಮುಷ್ಟಿ ಮುಷ್ಟಿ ಬಂತು. ಮಾಯ್ ಕೊತ್ತಂಬರಿ ನೀರು, ಗಂಜಿ ತಿಳಿ ಕೊಡುವಳು. ಮಾವ್ಶಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುವಳು, ಆ ಹೊಗೆಗೆ ನಾನು ಕೆಮ್ಮಿದರೆ ದೃಷ್ಟಿ ಹೋಯಿತು ನೋಡು ಎನ್ನುವಳು. ಒಂದು ಮಧ್ಯಾಹ್ನ ಕನ್ನಡಿ ನೋಡಿ ಅತ್ತದ್ದೂ ಉಂಟು. ನಾನು ಗೋಡೆಗೆ ಮುಖ ಮಾಡಿದ್ದು ಆಗ. ರಿಯಾ, ನೀನು ಗೋಡೆಯಲ್ಲಿ ನೋಡುವುದನ್ನೆಲ್ಲ ನಾನು ನೋಡಿ ಮುಗಿಸಿದ್ದೇನೆ, ಅಲ್ಲಿ ಏನೂ ಇಲ್ಲ.

ಕ್ರಿಸ್ಮಸ್ ಕಳೆದು, ಕೂದಲು ಎಳೆಎಳೆಯಾಗಿ ಬರಲು ಶುರುವಾದಾಗ ಪಪ್ಪಾ ಬಂದರು. ಬೊಂಬಾಯಿಯ ಹಡಗಿನಲ್ಲಿ ಬಂದರಿಗೆ ಇಳಿದು, ಪೆಟ್ಟಿಗೆ ಹೆಗಲಿಗೆ ಹಾಕಿ ನಡೆದೇ ಬಂದರು. ಅವರ ಹಡಗು ಯಾವುದೋ ದೂರದ ರೇವಿನಲ್ಲಿ ಕೆಟ್ಟು, ರಿಪೇರಿಗೆ ಜನ ಇಲ್ಲದೆ ಬಿದ್ದಿತ್ತಂತೆ, ಅಷ್ಟೇ. ಮಾವ್ಶಿಯ ಪ್ರಕಾರ ಅದು ಒಂಬತ್ತು ಶುಕ್ರವಾರದ ಫಲ. ಕಲ್ಯಾಣಿ ಅಕ್ಕ ತಮ್ಮ ದೇವಸ್ಥಾನಕ್ಕೆ ಹೇಳಿಕೊಂಡಿದ್ದರಂತೆ, ಅದಕ್ಕೇ ಬಂದರು ಎಂದರು. ನಾನು ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಆ ರಾತ್ರಿ ಮಾಯ್ ಮೀನಿನ ತಲೆಯನ್ನು ಪಪ್ಪಾನ ತಟ್ಟೆಗೆ ಹಾಕಿದಳು. ಅವರು ಅದನ್ನು ಎರಡು ಮಾಡಿ ಅರ್ಧ ನನ್ನ ತಟ್ಟೆಗೆ ಇಟ್ಟರು. ಬೆಕ್ಕು ಮೂರು ದಿನ ಮನೆಗೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಇಗರ್ಜಿಯ ನಿಯಮವೇ ಬದಲಾಯಿತು. ಪ್ರಸಾದಕ್ಕೆ ಮೊದಲು ನೀರು ಕುಡಿಯಬಹುದು ಎಂದರು. ನಾನು ಆ ಭಾನುವಾರ ಸಿಟ್ಟಿನಿಂದ ಎರಡು ಚೆಂಬು ಕುಡಿದು ಹೋದೆ.

ನನ್ನ ಮದುವೆ ನಿಶ್ಚಯವಾದಾಗ ಕರೆಯಲು ಡಾಕ್ಟ್ರ ಮನೆಗೆ ಹೋದೆ. ಮೀಸೆ ಬೆಳ್ಳಗಾಗಿತ್ತು. ಕಾಫಿ ಕುಡಿಯುತ್ತಾ, ಆ ದಿನ ನನಗಾಗಿ ಪಾದ್ರಿಗಳ ಹತ್ತಿರ ಸುಳ್ಳು ಹೇಳಿದ್ದಕ್ಕೆ ಇಷ್ಟು ವರ್ಷವಾದರೂ ಉಪಕಾರ ಹೇಳಲಿಲ್ಲವಲ್ಲ ಎಂದೆ. ಡಾಕ್ಟ್ರು ಕಪ್ಪು ಕೆಳಗಿಟ್ಟರು.

"ಪಾದ್ರಿಗಳ ಹತ್ತಿರ ನಾನು ಸುಳ್ಳು ಹೇಳಲಿಲ್ಲ."

"ಮತ್ತೆ?" ಎಂದೆ.

"ಸಾಯುವುದಿಲ್ಲ ಅಂತ ಮೊದಲು ನಿನಗೆ ಹೇಳಿದೆ ಅಲ್ಲ, ಅದು ಸುಳ್ಳು. ನೀರು ಇಳಿಯದಿದ್ದರೆ ಸಂಜೆಗೆ ನೀನು ಇರುತ್ತಿರಲಿಲ್ಲ. ಸಣ್ಣ ಹುಡುಗಿಗೆ ಅದನ್ನು ಹೇಗೆ ಹೇಳುವುದು ಅಂತ ಕೈ ತೊಳೆಯುತ್ತಾ ನಿಂತಿದ್ದೆ. ನೋಡಿದರೆ ನಿನಗೆ ಬೇಕಾದದ್ದೂ ಅದೇ ಸುದ್ದಿ."

ಆ ಕಾಫಿ ಮುಗಿಸಲು ನನಗೆ ತುಂಬಾ ಹೊತ್ತು ಹಿಡಿಯಿತು. ಮನೆಗೆ ಬರುವಾಗ ಮಾಯಿಯ ತಣ್ಣನೆಯ ಕೈ ನೆನಪಾಯಿತು. ಅವಳಿಗೆ ಬಾಗಿಲಲ್ಲೇ ಗೊತ್ತಾಗಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ, ಅದಕ್ಕೇ ನಕ್ಕದ್ದು.

ಬಿಸಿಲು ನನಗೆ ಇಂದಿಗೂ ಆಗುವುದಿಲ್ಲ. ಕೊಡೆ, ಒದ್ದೆ ಕರವಸ್ತ್ರ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ಸಾಯುವವರ ಎಣ್ಣೆ ಆಮೇಲೆಯೂ ಕೆಲವು ಸಲ ಹಚ್ಚಿಸಿಕೊಂಡೆ, ಪ್ರತಿ ಸಲ ಪಾದಕ್ಕೆ ಬಂದಾಗ ನಗು. ನಮ್ಮ ಈಗಿನ ಪಾದ್ರಿಗಳು ನನ್ನ ಪಾದದ ಸುದ್ದಿಗೇ ಬರುವುದಿಲ್ಲ, ಹಣೆಗೆ, ಕೈಗೆ ಮುಗಿಸಿ ಹೋಗುತ್ತಾರೆ.

ಇಷ್ಟು ಒತ್ತುವಾಗ ಬೆರಳು ಬಾತುಕೊಂಡಿದೆ. ರಿಯಾ ಗೋಡೆಯಿಂದ ಈಚೆಗೆ ತಿರುಗಿದ್ದಾಳೆ, ಅಜ್ಜಿ ಇಷ್ಟು ಹೊತ್ತು ಯಾರಿಗೆ ಎಂತ ಬರೆಯುತ್ತಿದ್ದಾಳೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. ಅವಳ ಮಂಚದ ಬದಿಯಲ್ಲಿ ಬೊಂಡ ಇಟ್ಟು ಒಂದು ಗಂಟೆಯಾಯಿತು, ಮುಟ್ಟಿಲ್ಲ. ಇನ್ನೂ ಐದು ನಿಮಿಷ ನೋಡ್ತೇನೆ. ಅವಳು ಕುಡಿಯದಿದ್ದರೆ ನಾನು ಕುಡಿಯುತ್ತೇನೆ. ನನಗೆ ಈಗ ಯಾರ ಅನುಮತಿಯೂ ಬೇಡ.